ಮರದ ಕೆತ್ತನೆಗಾಗಿ ಅಗ್ಗದ ಕೈಗೊಡಲಿಯ ದುರಸ್ತಿ ಮತ್ತು ಮಾರ್ಪಾಡು: ಕುಶಲಕರ್ಮಿಗಳಿಗೆ ಮಾಹಿತಿ

ಪೀಠಿಕೆ

ಉಪಕರಣ ಸಹಾಯಕ್ಕಾಗಿ ಅರ್ಜಿ ಸಲ್ಲಿಸುವ ಬಡಗಿಗಳು, ಗೊಂಬೆ ತಯಾರಕರು ಹಾಗೂ ಮರದ ಕೆತ್ತನೆಗಾರರ ಪೈಕಿ ಅನೇಕರ ಮನೆಯಲ್ಲಿ ಸಂತೆಯಲ್ಲಿ ಕೊಂಡ ಅಥವಾ ಹಿರಿಯರಿಂದ ಬಂದ ಒಂದು ಕೈಗೊಡಲಿ ಇದ್ದೇ ಇರುತ್ತದೆ. ಸೌದೆ ಸೀಳುವುದಕ್ಕೆ ಒದಗುವ ಈ ಕೊಡಲಿಯು ಕೆತ್ತನೆಗೆ ಒದಗುವುದಿಲ್ಲವೆಂದು ಅದನ್ನು ಮೂಲೆಗೆ ಹಾಕಿ, ಹೊಸ ಉಪಕರಣ ಬರುವವರೆಗೆ ಕೆಲಸವನ್ನೇ ಮುಂದೂಡುವುದು ಕಂಡುಬರುತ್ತದೆ. ಇದು ಅನಗತ್ಯ. ಅಗ್ಗದ ಕೈಗೊಡಲಿಯ ದೋಷವು ಸಾಮಾನ್ಯವಾಗಿ ಅದರ ಬಾಯಿಯ ಆಕಾರದಲ್ಲಿ ಮತ್ತು ಕಾವಿನಲ್ಲಿ ಇರುತ್ತದೆಯೇ ಹೊರತು ಉಕ್ಕಿನಲ್ಲಿ ಇರುವುದಿಲ್ಲ. ಆಕಾರವನ್ನೂ ಕಾವನ್ನೂ ಕುಶಲಕರ್ಮಿಯೇ ಒಂದೆರಡು ದಿನಗಳಲ್ಲಿ ಸರಿಪಡಿಸಿಕೊಳ್ಳಬಹುದು. ಉಕ್ಕೇ ಕೆಟ್ಟಿದ್ದಲ್ಲಿ ಅದನ್ನು ಮೊದಲೇ ಗುರುತಿಸಿ, ವ್ಯರ್ಥ ಶ್ರಮವನ್ನು ತಪ್ಪಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಈ ಎರಡೂ ವಿಷಯಗಳನ್ನು ಕುರಿತ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಕೆತ್ತನೆಯಲ್ಲಿ ಕೈಗೊಡಲಿಯ ಸ್ಥಾನ

ಕರ್ನಾಟಕದ ಬಡಗಿಗಳು ಒರಟು ಕೆಲಸಕ್ಕೆ ಹೆಚ್ಚಾಗಿ ಬಾಚಿಯನ್ನು ಬಳಸುತ್ತಾರೆ. ಮರಿಗೆಯಂತಹ ಗುಣಿಯುಳ್ಳ ಪಾತ್ರೆಯ ಒಳಭಾಗವನ್ನು ತೋಡುವುದಕ್ಕೆ ಬಾಚಿಗೆ ಸಮನಾದುದು ಬೇರೊಂದಿಲ್ಲ. ಆದರೆ ಸೌಟು, ಗೊಂಬೆ, ಮುಖವಾಡ, ಚಿಕ್ಕ ವಿಗ್ರಹ ಮೊದಲಾದ ಕೈಯಲ್ಲಿ ಹಿಡಿಯಬಹುದಾದ ತುಂಡುಗಳ ಹೊರ ಆಕಾರವನ್ನು ತೆಗೆಯುವಾಗ ಕೈಗೊಡಲಿಯೇ ಅನುಕೂಲ. ಒಂದು ಕೈಯಲ್ಲಿ ತುಂಡನ್ನು ಕೊರಡಿನ ಮೇಲೆ ನಿಲ್ಲಿಸಿ, ಇನ್ನೊಂದು ಕೈಯಿಂದ ಬೇಡವಾದ ಮರವನ್ನು ಚಕ್ಕೆಚಕ್ಕೆಯಾಗಿ ಇಳಿಸುತ್ತಾ ಬಂದರೆ, ಉಳಿ ಮತ್ತು ಕೊಡತಿಯಿಂದ ಅರ್ಧ ದಿನ ಹಿಡಿಯುವ ಕೆಲಸವು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಚನ್ನಪಟ್ಟಣದ ಗೊಂಬೆ ಕೆಲಸದಲ್ಲಿ ಆಲೆಮರದ ತುಂಡನ್ನು ಚರಕಿಗೆ ಏರಿಸುವ ಮೊದಲು ತೊಗಟೆ ತೆಗೆದು ದುಂಡಗೆ ಮಾಡಿಕೊಳ್ಳಬೇಕಾಗುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಹಗುರವಾದ ಮರದಿಂದ ಗೊಂಬೆಗಳನ್ನು ಮಾಡುವಾಗಲೂ ಮೊದಲಿಗೆ ಒರಟು ಆಕಾರ ಬರಬೇಕು. ಇಂತಹ ಆರಂಭದ ಕೆಲಸಕ್ಕೆ ಹರಿತವಾದ ಕೈಗೊಡಲಿಯು ಸಮಯವನ್ನು ಉಳಿಸುತ್ತದೆ.

ಸಾಗರ, ಸೊರಬ ಭಾಗದ ಗುಡಿಗಾರರ ಶ್ರೀಗಂಧದ ಕೆತ್ತನೆಗೆ ಈ ಮಾತು ಅನ್ವಯಿಸುವುದಿಲ್ಲ. ಚಕ್ಕೆಗೂ ಬೆಲೆಯಿರುವ ಮರದಲ್ಲಿ ಗರಗಸ ಮತ್ತು ಉಳಿಗಳನ್ನು ಬಳಸುವುದೇ ಯುಕ್ತ.

ಕೆತ್ತನೆಯ ಕೈಗೊಡಲಿಯ ತಲೆಯ ತೂಕವು 500 ರಿಂದ 700 ಗ್ರಾಂ ಇದ್ದರೆ ಸಾಕು. ಇದಕ್ಕಿಂತ ಭಾರವಾದುದನ್ನು ಒಂದೇ ಕೈಯಲ್ಲಿ ದಿನವಿಡೀ ಎತ್ತುವವರಿಗೆ ಮಣಿಕಟ್ಟಿನ ಮತ್ತು ಮೊಣಕೈಯ ನೋವು ತಪ್ಪಿದ್ದಲ್ಲ.

ದುರಸ್ತಿಗೆ ಮುನ್ನ ಪರೀಕ್ಷೆ

ಯಾವುದೇ ಶ್ರಮವನ್ನು ಹಾಕುವ ಮೊದಲು ಕೊಡಲಿಯ ತಲೆಯನ್ನು ಕಾವಿನಿಂದ ಬಿಡಿಸಿ, ಬೆಳಕಿನಲ್ಲಿ ಎಲ್ಲ ಕಡೆಯೂ ಪರಿಶೀಲಿಸತಕ್ಕದ್ದು. ಕಾವು ತೂರಿಸುವ ರಂಧ್ರವನ್ನು ಕೊಡಲಿಯ ಕಣ್ಣು ಎನ್ನುತ್ತಾರೆ. ಕಣ್ಣಿನ ಸುತ್ತಲಿನ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅಂತಹ ಕೊಡಲಿಯನ್ನು ಕೈಬಿಡುವುದು ಲೇಸು. ಅನೇಕ ಅಗ್ಗದ ಕೊಡಲಿಗಳಲ್ಲಿ ಪಟ್ಟಿಯನ್ನು ಬಾಗಿಸಿ, ಕಾಯಿಸಿ, ಬೆಸೆದು ಕಣ್ಣನ್ನು ಮಾಡಿರುತ್ತಾರೆ. ಬೆಸುಗೆ ಕೂಡದೆ ಉಳಿದಲ್ಲಿ ಬಣ್ಣದ ಕೆಳಗೆ ಸಂದು ಅಡಗಿರುತ್ತದೆ. ಆದುದರಿಂದ ಬಣ್ಣವನ್ನು ಕೆರೆದು ನೋಡುವುದು ಅವಶ್ಯ. ಸೀಮೆಎಣ್ಣೆ ಹಚ್ಚಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಸವರಿದರೆ, ಬಿರುಕಿನೊಳಗೆ ಇಳಿದ ಎಣ್ಣೆಯು ಸ್ವಲ್ಪ ಹೊತ್ತಿನಲ್ಲಿ ಪುಡಿಯ ಮೇಲೆ ಗೆರೆಯಾಗಿ ಒಸರುತ್ತದೆ. ಇದು ಖರ್ಚಿಲ್ಲದ ಮತ್ತು ನಂಬಬಹುದಾದ ಪರೀಕ್ಷೆ.

ಎರಡನೆಯದು ಉಕ್ಕಿನ ಪರೀಕ್ಷೆ. ಹೊಸದಾದ, ನುಣುಪು ಹಲ್ಲಿನ ಅರವೊಂದನ್ನು ತೆಗೆದುಕೊಂಡು ಮೊದಲು ಕೊಡಲಿಯ ಹಿಂಬದಿಯಲ್ಲಿ, ಅನಂತರ ಬಾಯಿಯ ಅಂಚಿನ ಸಮೀಪದಲ್ಲಿ ಒಂದೆರಡು ಬಾರಿ ಉಜ್ಜಬೇಕು. ಹಿಂಬದಿಯಲ್ಲಿ ಅರವು ಸುಲಭವಾಗಿ ಕಚ್ಚಿ, ಬಾಯಿಯ ಬಳಿ ಜಾರುತ್ತಾ ಸ್ವಲ್ಪವೇ ಕಚ್ಚಿದರೆ, ಬಾಯಿಗೆ ಸರಿಯಾದ ಹದ ಇದೆಯೆಂದು ತಿಳಿಯಬಹುದು. ಎರಡೂ ಕಡೆ ಒಂದೇ ರೀತಿ, ಕಿಟಕಿಯ ಸರಳಿನಂತೆ ಸಲೀಸಾಗಿ ಕಚ್ಚಿದರೆ ಬಾಯಿಯು ಮೆದುವಾಗಿದೆ ಎಂದರ್ಥ. ಬಾಯಿಯ ಬಳಿ ಅರವು ಗಾಜಿನ ಮೇಲೆ ಎಳೆದಂತೆ ಪೂರ್ತಿ ಜಾರಿದರೆ ಉಕ್ಕು ಅತಿಯಾಗಿ ಗಡುಸಾಗಿದ್ದು, ಗಂಟು ತಗುಲಿದಾಗ ಅಂಚು ಮುರಿಯುವ ಸಂಭವವಿರುತ್ತದೆ.

ಮೆದುವಾದ ಬಾಯಿಗೆ ಎರಡು ಕಾರಣಗಳಿರಬಹುದು. ಒಳ್ಳೆಯ ಉಕ್ಕಿನ ಹದವು ಹಿಂದೆ ಯಾರೋ ಸಾಣೆ ಯಂತ್ರದಲ್ಲಿ ಕಾಯಿಸಿದ್ದರಿಂದ ಕೆಟ್ಟಿರಬಹುದು. ಇಲ್ಲವೇ ಅದು ಹದವನ್ನೇ ಹಿಡಿಯದ ಮೆದು ಕಬ್ಬಿಣವಾಗಿರಬಹುದು. ಹಳ್ಳಿಯ ಕುಲುಮೆಗಳಲ್ಲಿ ಹಳೆಯ ಲಾರಿಗಳ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಕೊಡಲಿಗಳು ಮೊದಲನೆಯ ವರ್ಗಕ್ಕೆ ಸೇರುತ್ತವೆ. ನೋಡಲು ಒರಟಾಗಿದ್ದರೂ ಅವುಗಳ ಉಕ್ಕು ಉತ್ತಮವಾದುದು. ಹೊಳೆಯುವ ಬಣ್ಣ ಬಳಿದ, ಅಂದವಾದ ಕಾವುಳ್ಳ ಅಂಗಡಿಯ ಕೊಡಲಿಗಿಂತ ಇಂತಹ ಕೊಡಲಿಯನ್ನು ಆರಿಸಿಕೊಳ್ಳುವುದರಲ್ಲಿ ನಷ್ಟವಿಲ್ಲ. ಸಂದೇಹವಿದ್ದಲ್ಲಿ ಅನುಭವಿ ಕಮ್ಮಾರರಿಗೆ ತೋರಿಸತಕ್ಕದ್ದು. ಸಾಣೆಗೆ ಹಿಡಿದಾಗ ಹಾರುವ ಕಿಡಿಗಳನ್ನು ನೋಡಿಯೇ ಅವರು ಉಕ್ಕನ್ನು ಗುರುತಿಸಬಲ್ಲರು. ಉಕ್ಕಿನ ಕಿಡಿಗಳು ತುದಿಯಲ್ಲಿ ಹೂವಿನಂತೆ ಕವಲೊಡೆಯುತ್ತವೆ. ಮೆದು ಕಬ್ಬಿಣದ ಕಿಡಿಗಳು ಕವಲು ಕಡಿಮೆಯಿದ್ದು ಉದ್ದನೆಯ ಗೆರೆಗಳಾಗಿ ಬೀಳುತ್ತವೆ.

ತುಕ್ಕು ತೆಗೆಯುವುದು

ಮೇಲ್ಮೈಯ ತುಕ್ಕನ್ನು ಸೀಮೆಎಣ್ಣೆ ಮತ್ತು ತಂತಿಯ ಬ್ರಷ್ಷಿನಿಂದಲೇ ತೆಗೆಯಬಹುದು. ಆಳವಾದ ತುಕ್ಕಿಗೆ, ಕಾವಿಲ್ಲದ ತಲೆಯನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ವಿನೆಗರಿನೊಳಗೆ ಒಂದು ರಾತ್ರಿ ಮುಳುಗಿಸಿಟ್ಟು, ಬೆಳಿಗ್ಗೆ ಬ್ರಷ್ಷಿನಿಂದ ಉಜ್ಜಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಕೂಡಲೇ ಒರೆಸಿ ಎಣ್ಣೆ ಹಚ್ಚಬೇಕು. ಹುಣಸೆಹಣ್ಣಿನ ರಸವೂ ಇದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಶೌಚಾಲಯ ತೊಳೆಯುವ ಆಮ್ಲವನ್ನು ಬಳಸಬಾರದು. ಅದರ ಹೊಗೆಯು ಶ್ವಾಸಕೋಶಕ್ಕೆ ಹಾನಿಕರ. ಸಮೀಪದಲ್ಲಿರುವ ಇತರ ಉಪಕರಣಗಳೂ ಅದರಿಂದ ತುಕ್ಕು ಹಿಡಿಯುತ್ತವೆ. ಅಂಚಿನಲ್ಲಿ ತುಕ್ಕಿನ ಗುಳಿಗಳಿದ್ದರೆ ಅವು ಮರೆಯಾಗುವವರೆಗೆ ಉಕ್ಕನ್ನು ಸವೆಸುವುದು ಅನಿವಾರ್ಯ. ಕೆನ್ನೆಯ ಮೇಲಿನ ಗುಳಿಗಳಿಂದ ಕೆಲಸಕ್ಕೆ ತೊಂದರೆಯಿಲ್ಲ.

ಬಾಯಿಯ ಆಕಾರ

ಇಡೀ ಮಾರ್ಪಾಡಿನಲ್ಲಿ ಅತಿ ಮುಖ್ಯವಾದುದು ಇದೇ ಆಗಿದೆ. ಸೌದೆ ಸೀಳುವ ಕೊಡಲಿಯು ಬೆಣೆಯಂತೆ ಕೆಲಸ ಮಾಡುತ್ತದೆ. ಅದರ ಬಾಯಿ ದಪ್ಪ. ಅದು ಮರದೊಳಗೆ ಹೊಕ್ಕ ಕೂಡಲೇ ಎರಡೂ ಪಕ್ಕಗಳನ್ನು ದೂಡುತ್ತದೆ, ಸೀಳು ಅಂಚಿಗಿಂತ ಮುಂದೆ ಓಡುತ್ತದೆ. ಸೌದೆಗೆ ಅದೇ ಬೇಕು. ಕೆತ್ತನೆಯಲ್ಲಿ ಆ ಸೀಳು ಸೌಟಿನ ಹಿಡಿಯನ್ನೋ ಗೊಂಬೆಯ ಮೂಗನ್ನೋ ಕಿತ್ತುಕೊಂಡು ಹೋಗುತ್ತದೆ. ಕೆತ್ತನೆಯ ಕೊಡಲಿಯ ಅಂಚು ಮರವನ್ನು ಕೊಯ್ಯಬೇಕು; ಅಂಚಿನ ಹಿಂದಿನ ಇಳಿಜಾರು ಕೊಯ್ದ ಮೇಲ್ಮೈಯ ಮೇಲೆ ಒರಗಿ ಮುಂದಿನ ಏಟಿಗೆ ದಾರಿ ತೋರಬೇಕು. ಈ ಇಳಿಜಾರನ್ನು ಇಲ್ಲಿ ಓರೆ ಎಂದು ಕರೆಯಲಾಗಿದೆ.

ಹಸಿ ಮರ ಹಾಗೂ ಮೆದು ಮರಗಳಿಗೆ ಎರಡು ಓರೆಗಳ ನಡುವಿನ ಕೋನವು ಸುಮಾರು 25 ಡಿಗ್ರಿ, ಒಣಗಿದ ಗಟ್ಟಿ ಮರಕ್ಕೆ ಸುಮಾರು 30 ಡಿಗ್ರಿ ಇರಬೇಕು. ಅಂಗಡಿಯ ಕೊಡಲಿಗಳಲ್ಲಿ ಇದು 40 ಡಿಗ್ರಿ ಮೀರಿರುವುದು ಸಾಮಾನ್ಯ. ಕೋನಮಾಪಕವಿಲ್ಲದೆಯೂ ಇದನ್ನು ಅಳೆಯಬಹುದು. ಓರೆ ಆರಂಭವಾಗುವ ಕಡೆ ಅಲಗಿನ ದಪ್ಪವನ್ನೂ, ಅಲ್ಲಿಂದ ಅಂಚಿನವರೆಗೆ ಓರೆಯ ಅಗಲವನ್ನೂ ಅಳತೆಪಟ್ಟಿಯಿಂದ ನೋಡಬೇಕು. ದಪ್ಪವು 5 ಮಿ.ಮೀ. ಇದ್ದು ಓರೆಯ ಅಗಲ 7 ಮಿ.ಮೀ. ಇದ್ದರೆ ಒಟ್ಟು ಕೋನ ಸುಮಾರು 42 ಡಿಗ್ರಿ. ಅದೇ ದಪ್ಪಕ್ಕೆ ಓರೆಯ ಅಗಲ 10 ಮಿ.ಮೀ. ಆದರೆ 29 ಡಿಗ್ರಿ, 12 ಮಿ.ಮೀ. ಆದರೆ 24 ಡಿಗ್ರಿ. ಒಟ್ಟಿನಲ್ಲಿ ಓರೆಯ ಅಗಲವು ದಪ್ಪದ ಎರಡರಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಇರಬೇಕೆಂದು ನೆನಪಿಟ್ಟರೆ ಸಾಕು. ಉಜ್ಜುತ್ತಾ ಹೋದಂತೆ ಓರೆಯು ಹಿಂದಕ್ಕೆ ಸರಿದು ದಪ್ಪವೂ ಬದಲಾಗುವುದರಿಂದ ಆಗಾಗ ಮರು ಅಳತೆ ಮಾಡತಕ್ಕದ್ದು.

ಕೊಡಲಿಯನ್ನು ವೈಸಿನಲ್ಲಿ ಬಿಗಿದು, ಒರಟು ಅರದಿಂದ ಓರೆಯ ಹಿಂಭಾಗದ ಉಬ್ಬನ್ನು ಮೊದಲು ತೆಗೆಯಬೇಕು. ಅಂಚನ್ನು ಕೊನೆಯವರೆಗೆ ಮುಟ್ಟಬಾರದು. ಮಾರ್ಕರ್ ಪೆನ್ನಿನಿಂದ ಓರೆಗೆ ಮಸಿ ಬಳಿದುಕೊಂಡರೆ ಅರವು ಎಲ್ಲಿ ತಗುಲುತ್ತಿದೆ, ಎಲ್ಲಿ ತಗುಲುತ್ತಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಅರಕ್ಕೆ ಹಿಡಿ ಇರಲೇಬೇಕು. ಹಿಡಿಯಿಲ್ಲದ ಅರದ ಮೊನೆಯು ಅಂಗೈಗೆ ಇಳಿದು ಗಾಯವಾಗುವುದುಂಟು. ದಪ್ಪ ಚರ್ಮದ ಕೈಚೀಲ ಧರಿಸುವುದೂ ಕಡ್ಡಾಯ. ಎರಡೂ ಕಡೆ ಸಮನಾಗಿ ಸವೆಸಲು ಎರಡು ಮೂರು ಗಂಟೆ ಬೇಕಾಗುತ್ತದೆ.

ಬಾಯಿಯ ಅಂಚು ಪಕ್ಕದಿಂದ ನೋಡಿದಾಗ ನೆಟ್ಟಗಿರದೆ ಸ್ವಲ್ಪ ಬಾಗಿರಬೇಕು. ನೇರವಾದ ಅಂಚಿನ ಮೂಲೆಗಳು ಮರದಲ್ಲಿ ಸಿಕ್ಕಿಕೊಳ್ಳುತ್ತವೆ. 9 ಸೆಂ.ಮೀ. ಅಗಲದ ಬಾಯಿಯಲ್ಲಿ ನಡುಭಾಗವು ಮೂಲೆಗಳಿಗಿಂತ ಸುಮಾರು 5 ಮಿ.ಮೀ. ಮುಂದಿದ್ದರೆ ಸಾಕಾಗುತ್ತದೆ.

ಒಂದೇ ಕಡೆ ಓರೆಯುಳ್ಳ ಕೊಡಲಿಯನ್ನು ಕೆಲವರು ಬಯಸುತ್ತಾರೆ. ಬಲಗೈಯವರಿಗೆ ಓರೆಯು ಬಲಬದಿಯಲ್ಲಿದ್ದು, ಮರಕ್ಕೆ ತಾಗುವ ಎಡಬದಿಯು ಚಪ್ಪಟೆಯಾಗಿರುತ್ತದೆ. ನೇರವಾದ ಮೇಲ್ಮೈಗಳನ್ನು ತೆಗೆಯಲು ಇದು ಅತ್ಯುತ್ತಮ. ಆದರೆ ಸೌಟಿನ ಕೊರಳಿನಂತಹ ಒಳಬಾಗಿದ ಆಕಾರಗಳಲ್ಲಿ ಚಪ್ಪಟೆ ಬದಿಯು ಹೊರಳಿ ಬರುವುದಿಲ್ಲ. ಒಂದೇ ಕೊಡಲಿಯಿಂದ ಎಲ್ಲ ಕೆಲಸ ಮಾಡಬೇಕಾದವರು ಎರಡೂ ಕಡೆ ಓರೆಯನ್ನು ಉಳಿಸಿಕೊಂಡು, ಮರಕ್ಕೆ ತಾಗುವ ಬದಿಯ ಓರೆಯನ್ನು ಇನ್ನೊಂದಕ್ಕಿಂತ ತುಸು ಅಗಲವಾಗಿ ಇಡುವುದು ಸೂಕ್ತ.

ಬಾಯಿಯು ಸಾಕಷ್ಟು ಅಗಲವಾಗಿದ್ದಲ್ಲಿ ಇನ್ನೊಂದು ಮಾರ್ಪಾಡು ಸಾಧ್ಯ. ಅಲಗಿನ ಕೆಳಭಾಗದಲ್ಲಿ, ಕಾವಿನ ಕಡೆಯ ಮೂಲೆಯ ಹಿಂದೆ, ಸ್ವಲ್ಪ ಉಕ್ಕನ್ನು ಕಮಾನಿನಂತೆ ಕತ್ತರಿಸಿ ತೆಗೆದರೆ ಬೆರಳುಗಳು ಬಾಯಿಯ ನೇರ ಹಿಂದಕ್ಕೆ ಬರುತ್ತವೆ. ಸಣ್ಣ ಕೊಯ್ತಗಳಲ್ಲಿ ಕೊಡಲಿಯು ಚಾಕುವಿನಂತೆ ಕೈಗೆ ಒಗ್ಗುತ್ತದೆ. ಈ ಭಾಗದಲ್ಲಿ ಉಕ್ಕು ಮೆದುವಾಗಿರುವುದರಿಂದ ಕಬ್ಬಿಣ ಕೊಯ್ಯುವ ಗರಗಸ ಮತ್ತು ದುಂಡು ಅರದಿಂದ ಕೆಲಸ ನಡೆಯುತ್ತದೆ. ಕಣ್ಣಿನ ಗೋಡೆಯಿಂದ ಕನಿಷ್ಠ 1 ಸೆಂ.ಮೀ. ಅಂತರವನ್ನು ಬಿಡತಕ್ಕದ್ದು.

ಹದ ಕೆಡದಂತೆ ಎಚ್ಚರಿಕೆ

ಕೆಲಸ ಬೇಗ ಮುಗಿಯಲೆಂದು ವಿದ್ಯುತ್ ಸಾಣೆ ಯಂತ್ರವನ್ನು ಬಳಸಿದಾಗಲೇ ಹೆಚ್ಚಿನ ಕೊಡಲಿಗಳು ಕೆಡುತ್ತವೆ. ಉಕ್ಕು ಬಿಸಿಯಾದಂತೆ ಅದರ ಮೇಲೆ ಬಣ್ಣ ಮೂಡುತ್ತದೆ: ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಬಣ್ಣ, 260ರ ಸುಮಾರಿಗೆ ಕಂದು, 280ರಲ್ಲಿ ನೇರಳೆ, 300ರ ಸುಮಾರಿಗೆ ನೀಲಿ. ಅಂಚಿನಲ್ಲಿ ನೀಲಿ ಬಣ್ಣ ಕಾಣಿಸಿತೆಂದರೆ ಅಷ್ಟು ಭಾಗದ ಗಡಸುತನ ತಗ್ಗಿದೆ ಎಂದು ತಿಳಿಯಬೇಕು. ನೀಲಿಯನ್ನು ಎಮರಿ ಕಾಗದದಿಂದ ಉಜ್ಜಿ ಮರೆಮಾಡಿದರೆ ಬಣ್ಣ ಹೋಗುತ್ತದೆ, ದೋಷ ಉಳಿಯುತ್ತದೆ. ಆ ಭಾಗವನ್ನು ಪೂರ್ತಿ ಸವೆಸಿ ಹಿಂದಿನ ಗಟ್ಟಿ ಉಕ್ಕಿಗೆ ಬರುವುದೊಂದೇ ಪರಿಹಾರ.

ಯಂತ್ರವನ್ನು ಬಳಸಲೇಬೇಕಾದವರು ಮೂರು ನಾಲ್ಕು ಸೆಕೆಂಡುಗಳಿಗೊಮ್ಮೆ ಕೊಡಲಿಯನ್ನು ನೀರಿನಲ್ಲಿ ಅದ್ದಬೇಕು. ಯಂತ್ರದ ಬಳಿ ಬರಿಗೈಯಲ್ಲಿ ಹಿಡಿದುಕೊಂಡು, ಅಲಗು ಬೆರಳಿಗೆ ಬಿಸಿ ಎನಿಸುವ ಮೊದಲೇ ನಿಲ್ಲಿಸಬೇಕು. ಅಂಚು ತೆಳುವಾದಂತೆ ಕಾವೇರುವುದು ಬಲು ಬೇಗ. ಕೊನೆಯ 1 ಮಿ.ಮೀ. ಕೆಲಸವನ್ನು ಅರ ಮತ್ತು ಕಲ್ಲಿನಿಂದಲೇ ಮುಗಿಸತಕ್ಕದ್ದು. ಮೊದಲ ಬಾರಿಗೆ ಈ ಕೆಲಸಕ್ಕೆ ಕೈಹಾಕುವವರು ಯಂತ್ರದ ಗೊಡವೆಗೆ ಹೋಗದಿರುವುದೇ ಒಳ್ಳೆಯದು.

ಹದವನ್ನು ಹೊಸದಾಗಿ ಕೊಡಿಸಬೇಕಾದಲ್ಲಿ ಕಮ್ಮಾರರ ಬಳಿಗೆ ಒಯ್ಯಬೇಕು. ಬಾಯಿಯನ್ನು ಆಯಸ್ಕಾಂತವು ಅಂಟದಷ್ಟು, ಅಂದರೆ ಸುಮಾರು 770 ಡಿಗ್ರಿಗಿಂತ ತುಸು ಮೇಲಕ್ಕೆ ಕಾಯಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿ, ಅನಂತರ ಒಣಹುಲ್ಲಿನ ಬಣ್ಣದಿಂದ ಕಂದುಬಣ್ಣದ ನಡುವೆ ಮತ್ತೆ ಹದವಾಗಿ ಕಾಯಿಸುವುದು ಕ್ರಮ. ಈ ಎರಡನೆಯ ಕಾಯಿಸುವಿಕೆಯನ್ನು ಬಿಟ್ಟರೆ ಅಂಚು ಗಾಜಿನಂತೆ ಒಡೆಯುತ್ತದೆ. ಸ್ಪ್ರಿಂಗ್ ಪಟ್ಟಿಯ ಉಕ್ಕನ್ನು ತಣ್ಣೀರಿನಲ್ಲಿ ಅದ್ದಿದರೆ ಬಿರುಕು ಬಿಡುವ ಭಯವಿರುವುದರಿಂದ ಎಣ್ಣೆಯನ್ನೇ ಬಳಸುವಂತೆ ಕೋರಬೇಕು. ಕಾವನ್ನು ತೆಗೆದೇ ಕೊಂಡೊಯ್ಯತಕ್ಕದ್ದು.

ಕಾವು

ಕೊಡಲಿಯ ಕಾವು ಕುಲಕ್ಕೆ ಸಾವು ಎಂಬ ಗಾದೆಯು ಮರಗಳ ಕುಲವನ್ನು ಕುರಿತದ್ದು. ಕೆಟ್ಟ ಕಾವು ಮನುಷ್ಯರಿಗೂ ಅಪಾಯಕಾರಿ. ಏಟಿನ ನಡುವೆ ಕಾವಿನಿಂದ ಕಳಚಿದ ಅರ್ಧ ಕಿಲೋ ತೂಕದ ಹರಿತವಾದ ತಲೆಯು ಎತ್ತ ಹಾರುತ್ತದೆಂದು ಹೇಳಲಾಗದು. ಆದ್ದರಿಂದ ಅಗ್ಗದ ಕೊಡಲಿಯೊಂದಿಗೆ ಬಂದ ಕಾವನ್ನು ನಂಬದೆ ಹೊಸದನ್ನು ಮಾಡಿಕೊಳ್ಳುವುದು ಉಚಿತ.

ಕಾವಿಗೆ ದಿಂಡಿಗ, ತಡಸಲು, ಜಾಲಿ ಮರಗಳು ಶ್ರೇಷ್ಠವಾದುವು. ಇವು ಏಟಿನ ಅದುರನ್ನು ತಡೆದು ಬಾಗುತ್ತವೆ, ಥಟ್ಟನೆ ಮುರಿಯುವುದಿಲ್ಲ. ತೇಗವು ಪೀಠೋಪಕರಣಕ್ಕೆ ಉತ್ತಮವಾದರೂ ಕಾವಿಗೆ ಸಲ್ಲದು, ಏಟಿಗೆ ಸೀಳುತ್ತದೆ. ಮರದ ಜಾತಿಗಿಂತಲೂ ಮುಖ್ಯವಾದುದು ಎಳೆಯ ಓಟ. ಎಳೆಗಳು ಕಾವಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಡ್ಡ ಹೊರಳದೆ ಸಾಗಬೇಕು. ಗರಗಸದಿಂದ ಕೊಯ್ದ ತುಂಡಿನಲ್ಲಿ ಇದು ತಿಳಿಯುವುದಿಲ್ಲ, ಏಕೆಂದರೆ ಗರಗಸವು ಎಳೆಯನ್ನು ಲೆಕ್ಕಿಸದೆ ನೇರ ಕೊಯ್ಯುತ್ತದೆ. ಸೀಳಿ ತೆಗೆದ ತುಂಡು ಎಳೆಯ ಹಾದಿಯಲ್ಲೇ ಬೇರ್ಪಡುವುದರಿಂದ ಅದನ್ನೇ ಆರಿಸತಕ್ಕದ್ದು. ಗಂಟು ಇರಕೂಡದು. ಅರಣ್ಯದಿಂದ ಅನುಮತಿಯಿಲ್ಲದೆ ಮರ ಕಡಿಯುವುದು 1963ರ ಕರ್ನಾಟಕ ಅರಣ್ಯ ಅಧಿನಿಯಮದಡಿ ಅಪರಾಧವಾಗಿರುವುದರಿಂದ, ಅಗತ್ಯವಾದ ಸಣ್ಣ ತುಂಡನ್ನು ಮರದ ಅಡ್ಡೆ ಅಥವಾ ಕೊಯ್ಯುವ ಕಾರ್ಖಾನೆಯಿಂದ ಪಡೆಯಬೇಕು.

ತುಂಡು ಚೆನ್ನಾಗಿ ಒಣಗಿರಬೇಕು. ಮಲೆನಾಡಿನಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸುವ ರೂಢಿಯು ಇದಕ್ಕೆ ಬಹಳ ಒಪ್ಪುತ್ತದೆ. ಮಳೆಗಾಲದ ಹಸಿ ಕಾವಿಗೆ ಜೋಡಿಸಿದ ತಲೆಯು ಬೇಸಿಗೆಯಲ್ಲಿ ಸಡಿಲಗೊಳ್ಳುವುದು ಖಚಿತ. ಸಡಿಲಗೊಂಡ ಕೊಡಲಿಯನ್ನು ನೀರಿನಲ್ಲಿ ನೆನೆಹಾಕಿ ಬಿಗಿ ಮಾಡುವ ಅಭ್ಯಾಸ ಎಲ್ಲೆಡೆಯೂ ಇದೆ. ಇದು ಆ ದಿನದ ಕೆಲಸಕ್ಕೆ ಸರಿಯೆನಿಸಿದರೂ, ಉಬ್ಬಿದ ಎಳೆಗಳು ಕಣ್ಣಿನ ಗೋಡೆಗೆ ಒತ್ತಿ ನುಗ್ಗಾಗಿ, ಒಣಗಿದ ಮೇಲೆ ಮೊದಲಿಗಿಂತಲೂ ಹೆಚ್ಚು ಸಡಿಲವಾಗುತ್ತವೆ.

ಕೊಡಲಿಯ ಕಣ್ಣುಗಳಲ್ಲಿ ಎರಡು ಬಗೆ. ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ ಕಣ್ಣಿಗೆ ಕಾವನ್ನು ಪಿಕಾಸಿಯಂತೆ ಮೇಲಿನಿಂದ ತೂರಿಸಲಾಗುತ್ತದೆ. ಬೀಸಿದಷ್ಟೂ ಬಿಗಿಯಾಗುತ್ತದೆ, ಬೆಣೆ ಬೇಕಿಲ್ಲ. ಆದರೆ ಇಡೀ ಕಾವು ಕಣ್ಣಿನ ಮೂಲಕ ಹಾದುಬರಬೇಕಾದ್ದರಿಂದ ಹಿಡಿಯು ಕಣ್ಣಿಗಿಂತ ದಪ್ಪವಿರಲಾರದು. ದುಂಡು ಕಣ್ಣಾದರೆ ತಲೆ ತಿರುಗುವ ತೊಂದರೆಯೂ ಇದೆ. ಕಣ್ಣನ್ನು ಅರದಿಂದ ತುಸು ಮೊಟ್ಟೆಯಾಕಾರಕ್ಕೆ ತಂದರೆ ಇದು ನಿಲ್ಲುತ್ತದೆ. ಎರಡನೆಯ ಬಗೆಯಲ್ಲಿ ಕಾವು ಕೆಳಗಿನಿಂದ ಹೊಕ್ಕು, ಮೇಲಿನ ಸೀಳಿಗೆ ಬೆಣೆ ಬೀಳುತ್ತದೆ. ಸೀಳು ಕಣ್ಣಿನ ಆಳದ ಮೂರನೇ ಎರಡರಷ್ಟು ಇರಬೇಕು. ಕಾವಿನ ತುದಿಯನ್ನು ಸ್ವಲ್ಪಸ್ವಲ್ಪವೇ ಕೆತ್ತಿ, ಕಣ್ಣಿನ ಒಳಗೆ ತೂರಿಸಿ ತೆಗೆದು, ಕಪ್ಪು ಗುರುತು ಬಿದ್ದಲ್ಲಿ ಮಾತ್ರ ಕೆರೆಯುತ್ತಾ ಹೊಂದಿಸಬೇಕು. ಕೊನೆಗೆ ಕೊಡಲಿಯನ್ನು ತಲೆ ಕೆಳಗಾಗಿ ಎತ್ತಿ ಹಿಡಿದು, ಕಾವಿನ ಬುಡಕ್ಕೆ ಕೊಡತಿಯಿಂದ ಬಡಿದರೆ ತಲೆಯು ತನ್ನ ಭಾರದಿಂದಲೇ ಕಾವಿನ ಮೇಲೆ ಏರಿ ಕೂರುತ್ತದೆ. ತಲೆಯನ್ನೇ ಸುತ್ತಿಗೆಯಿಂದ ಹೊಡೆಯುವ ಅಗತ್ಯವಿಲ್ಲ. ಕಾವು ಕಣ್ಣಿನಿಂದ 5 ಮಿ.ಮೀ. ಮೇಲಕ್ಕೆ ಉಳಿಯುವಂತೆ ಕತ್ತರಿಸಿ, ಒಣಗಿದ ಜಾಲಿಯ ಬೆಣೆಯನ್ನು ಬಡಿಯಬೇಕು. ಮೊಳೆ ಹೊಡೆಯುವುದು ಬೆಣೆಗೆ ಬದಲಿಯಲ್ಲ. ಅದು ಕಾವನ್ನು ಸೀಳುತ್ತದೆ.

ಕೆತ್ತನೆಯ ಕೊಡಲಿಗೆ 32 ರಿಂದ 38 ಸೆಂ.ಮೀ. ಉದ್ದದ ಕಾವು ಸಾಕು. ಅಡ್ಡಕೊಯ್ತದಲ್ಲಿ ದುಂಡಗಿರದೆ ಮೊಟ್ಟೆಯಾಕಾರವಿದ್ದರೆ ಬಾಯಿ ಯಾವ ಕಡೆಗಿದೆಯೆಂಬುದು ಕಣ್ಣುಮುಚ್ಚಿದರೂ ಕೈಗೆ ತಿಳಿಯುತ್ತದೆ. ಬುಡದಲ್ಲಿ ಸ್ವಲ್ಪ ಉಬ್ಬು ಇದ್ದರೆ ಬೆವರಿದ ಕೈಯಿಂದ ಜಾರುವುದಿಲ್ಲ. ವಾರ್ನಿಷ್ ಬಳಿದ ಕಾವು ಕೈಯಲ್ಲಿ ಬೊಬ್ಬೆ ಎಬ್ಬಿಸುವುದರಿಂದ ಅದನ್ನು ಕೆರೆದು, ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಮೂರು ಬಾರಿ ಹಚ್ಚಿ ಒಣಗಲು ಬಿಡಬೇಕು. ಕೊಬ್ಬರಿ ಎಣ್ಣೆ, ಹೊಂಗೆ ಎಣ್ಣೆಗಳು ಒಣಗುವ ಗುಣದವಲ್ಲ. ಅವನ್ನು ಅಲಗಿಗೆ ಹಚ್ಚಬಹುದು, ಕಾವಿಗಲ್ಲ. ಅಗಸೆ ಎಣ್ಣೆಯಲ್ಲಿ ನೆಂದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಅಂತಹ ಬಟ್ಟೆಯನ್ನು ಬಯಲಿನಲ್ಲಿ ಹರಡಿ ಒಣಗಿಸಿದ ನಂತರವೇ ವಿಲೇವಾರಿ ಮಾಡತಕ್ಕದ್ದು.

ಮಸೆಯುವುದು ಮತ್ತು ಪರೀಕ್ಷಿಸುವುದು

ಅರದ ಗೆರೆಗಳನ್ನು ಒರಟು ಸಾಣೆಕಲ್ಲಿನಿಂದ, ಅನಂತರ ನುಣುಪು ಕಲ್ಲಿನಿಂದ ಹೋಗಲಾಡಿಸಬೇಕು. ಕಲ್ಲು ಇಲ್ಲದಿದ್ದಲ್ಲಿ ಸಪಾಟಾದ ಹಲಗೆಗೆ 220, 400 ಮತ್ತು 800ನೇ ಅಂಕಿಯ ಎಮರಿ ಕಾಗದಗಳನ್ನು ಅಂಟಿಸಿ ಕ್ರಮವಾಗಿ ಬಳಸಬಹುದು. ಒಂದು ಬದಿಯನ್ನು ಮಸೆದಾಗ ಇನ್ನೊಂದು ಬದಿಯ ಅಂಚಿನುದ್ದಕ್ಕೂ ಬೆರಳಿಗೆ ತಗಲುವಂತಹ ಸಣ್ಣ ಸಿಬಿರು ಏಳುತ್ತದೆ. ಅದು ಎಲ್ಲ ಕಡೆಯೂ ಎದ್ದ ಮೇಲೆಯೇ ಬದಿ ಬದಲಿಸಬೇಕು. ಕೊನೆಯಲ್ಲಿ ಹಳೆಯ ಚರ್ಮದ ಪಟ್ಟಿಯ ಮೇಲೆ ಅಂಚನ್ನು ಹಿಂದಕ್ಕೆ ಎಳೆದರೆ ಸಿಬಿರು ಬೀಳುತ್ತದೆ.

ಹಸಿ ಕೊಂಬೆಯೊಂದನ್ನು ಓರೆಯಾಗಿ ಕೊಯ್ದು ನೋಡಬೇಕು. ಕೊಯ್ದ ಮೇಲ್ಮೈ ಹೊಳೆಯುತ್ತಿದ್ದರೆ ಅಂಚು ಸರಿಯಾಗಿದೆ. ಗೀರುಗಳು ಕಂಡರೆ ಅಂಚಿನಲ್ಲಿ ಕಚ್ಚುಗಳು ಉಳಿದಿವೆ. ಒಂದು ಗಂಟೆಯ ಕೆಲಸದ ಬಳಿಕ ಅಂಚನ್ನು ಪುನಃ ಪರಿಶೀಲಿಸುವುದು ಅಗತ್ಯ. ಅಂಚು ಮಡಚಿಕೊಂಡಿದ್ದರೂ ಚೂರಾಗಿ ಉದುರಿದ್ದರೂ ಮೊದಲಿಗೆ ಉಕ್ಕನ್ನು ದೂರದೆ, ತುದಿಯಲ್ಲಿ ಮಾತ್ರ ಕೋನವನ್ನು 3 ರಿಂದ 5 ಡಿಗ್ರಿಯಷ್ಟು ಹೆಚ್ಚಿಸಿ ಮಸೆದು ನೋಡಬೇಕು. ಬಹುತೇಕ ಇಷ್ಟರಿಂದಲೇ ಸರಿಹೋಗುತ್ತದೆ. ಆಮೇಲೂ ಮಡಚಿದರೆ ಹದ ಕಡಿಮೆ, ಉದುರಿದರೆ ಹದ ಹೆಚ್ಚು; ಕಮ್ಮಾರರನ್ನು ಕಾಣುವುದು.

ಬಳಕೆಯಲ್ಲಿ ಸುರಕ್ಷತೆ

ಕೊರಡು ಅಲುಗದಂತೆ ನೆಲೆನಿಂತಿರಬೇಕು. ಅದರ ಎತ್ತರ ನಿಂತು ಕೆಲಸ ಮಾಡುವವರ ತೊಡೆಯ ಮಟ್ಟಕ್ಕೆ ಇದ್ದರೆ ಬೆನ್ನಿಗೆ ಆಯಾಸವಿಲ್ಲ. ತುಂಡನ್ನು ಹಿಡಿದ ಕೈಯು ಯಾವಾಗಲೂ ಏಟು ಬೀಳುವ ಸ್ಥಳಕ್ಕಿಂತ ಮೇಲಿರಬೇಕು. ಗುರಿ ತಪ್ಪಿದ ಏಟು ಕೊರಡಿಗೆ ಬೀಳಬೇಕೇ ವಿನಾ ಕಾಲಿಗಲ್ಲ. ಆದ್ದರಿಂದ ಕೊರಡಿನ ನಡುಭಾಗದಲ್ಲಿ, ತನ್ನಿಂದ ದೂರದ ಅಂಚಿನ ಕಡೆಗೆ ಕೆಲಸ ಮಾಡತಕ್ಕದ್ದು. ತುಂಡು ಚಿಕ್ಕದಾಗಿ ಕೈಗೆ ಹಿಡಿಯಲು ಸಾಲದಾದಾಗ ಕೊಡಲಿಯನ್ನು ಕೆಳಗಿಟ್ಟು ಉಳಿಯನ್ನು ಎತ್ತಿಕೊಳ್ಳಬೇಕು. ಪ್ರತಿ ದಿನ ಕೆಲಸ ಆರಂಭಿಸುವ ಮುನ್ನ ತಲೆಯು ಅಲುಗುತ್ತಿದೆಯೇ ಎಂದು ನೋಡುವುದು ಕಡ್ಡಾಯ. ಕೆಲಸವಿಲ್ಲದಾಗ ಬಾಯಿಗೆ ಹಳೆಯ ಸೈಕಲ್ ಟೈರಿನ ತುಂಡನ್ನು ಸಿಕ್ಕಿಸಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಗಾಯವಾದಲ್ಲಿ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳಿ ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಬಗ್ಗೆ ವಿಚಾರಿಸುವುದು.

ಉಪಕರಣ ಸಹಾಯಕ್ಕೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯು 18 ಕಸುಬುಗಳನ್ನು ಒಳಗೊಂಡಿದ್ದು, ಬಡಗಿಗಳು, ಕಮ್ಮಾರರು, ಸುತ್ತಿಗೆ ಮತ್ತು ಉಪಕರಣ ತಯಾರಕರು ಹಾಗೂ ಗೊಂಬೆ ಮತ್ತು ಆಟಿಕೆ ತಯಾರಕರು ಇದರಲ್ಲಿ ಸೇರಿದ್ದಾರೆ. ಯೋಜನೆಯ ಅವಧಿ 2023-24 ರಿಂದ 2027-28. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು; ಒಂದು ಕುಟುಂಬದ ಒಬ್ಬ ಸದಸ್ಯರಿಗೆ ಮಾತ್ರ ಅವಕಾಶವಿದ್ದು, ಸರ್ಕಾರಿ ಸೇವೆಯಲ್ಲಿರುವವರು ಮತ್ತು ಅವರ ಕುಟುಂಬದವರು ಅರ್ಹರಲ್ಲ. ಸಾಮಾನ್ಯ ಸೇವಾ ಕೇಂದ್ರದಲ್ಲಿ ಆಧಾರ್ ಆಧಾರಿತವಾಗಿ ನೋಂದಾಯಿಸಿದ ಅರ್ಜಿಯು ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆ, ಜಿಲ್ಲಾ ಸಮಿತಿ ಮತ್ತು ಪರಿಶೀಲನಾ ಸಮಿತಿ ಎಂಬ ಮೂರು ಹಂತಗಳನ್ನು ದಾಟಬೇಕಾಗುತ್ತದೆ. ಕೇಂದ್ರಕ್ಕೆ ಹೊರಡುವ ಮುನ್ನ ಆ ಸಮಯದಲ್ಲಿ ನೋಂದಣಿ ನಡೆಯುತ್ತಿದೆಯೇ ಎಂದು ವಿಚಾರಿಸಿಕೊಂಡರೆ ವೃಥಾ ಅಲೆದಾಟ ತಪ್ಪುತ್ತದೆ.

ಮೂಲ ತರಬೇತಿಯ ಆರಂಭದಲ್ಲಿ ಕೌಶಲ್ಯ ಪರಿಶೀಲನೆ ನಡೆದ ಬಳಿಕ ಉಪಕರಣಗಳಿಗಾಗಿ ರೂ. 15,000 ವರೆಗಿನ ಸಹಾಯವನ್ನು ವಿದ್ಯುನ್ಮಾನ ವೋಚರ್ ರೂಪದಲ್ಲಿ ನೀಡಲಾಗುತ್ತದೆ, ನಗದಾಗಿ ಅಲ್ಲ. ತರಬೇತಿಯ ಅವಧಿಯಲ್ಲಿ ದಿನಕ್ಕೆ ರೂ. 500 ಭತ್ಯೆ ಇರುತ್ತದೆ. ಉಪಕರಣಗಳ ಪೆಟ್ಟಿಗೆಯು ಕಸುಬಿಗೆ ಅನುಗುಣವಾಗಿರುವುದರಿಂದ, ಕೆತ್ತನೆಗೆ ಬೇಕಾದ ಕೈಗೊಡಲಿ ಅದರಲ್ಲಿ ಇದ್ದೇ ಇರುತ್ತದೆಂದು ಭಾವಿಸದೆ ವಸ್ತುಗಳ ಪಟ್ಟಿಯನ್ನು ಮೊದಲೇ ನೋಡಿಕೊಳ್ಳತಕ್ಕದ್ದು. ಆಯ್ಕೆಗೆ ಅವಕಾಶವಿದ್ದಲ್ಲಿ ಉಳಿಗಳಿಗೆ ಪ್ರಾಶಸ್ತ್ಯ ನೀಡುವುದು ಒಳಿತು. ಅಗ್ಗದ ಉಳಿಯನ್ನು ತಿದ್ದಿ ಒಳ್ಳೆಯ ಉಳಿ ಮಾಡುವುದು ಕಷ್ಟ. ಕೊಡಲಿಯ ಮಟ್ಟಿಗೆ ಆ ಕಷ್ಟವಿಲ್ಲ. ಮನೆಯಲ್ಲಿರುವುದನ್ನೇ ಮೇಲ್ಕಂಡ ಕ್ರಮದಲ್ಲಿ ಸಿದ್ಧಪಡಿಸಿಕೊಂಡು ಅರ್ಜಿಯು ಮಂಜೂರಾಗುವ ಮುನ್ನವೇ ಕೆಲಸ ಆರಂಭಿಸಬಹುದು.